ಚಾಂದ್ ಬೀಬಿ: ಅಕ್ಬರನ ಸೈನ್ಯವನ್ನು ತಡೆದಾಕೆ, ಒಂದು ಗಾಳಿಸುದ್ದಿಗೆ ಬಲಿಯಾದಾಕೆ

ಸೊಲ್ಲಾಪುರ ಚಾದರ ಗೊತ್ತಿಲ್ಲದ ಮನೆ ನಮ್ಮ ಕರಾವಳಿಯಲ್ಲಿ ಕಡಿಮೆ. ಆದರೆ ಆ ಸೊಲ್ಲಾಪುರ ಒಂದು ಕಾಲದಲ್ಲಿ ಒಬ್ಬ ಹೆಣ್ಣುಮಗಳ ಜೊತೆ ವರದಕ್ಷಿಣೆಯಾಗಿ ಬಿಜಾಪುರಕ್ಕೆ ಬಂದ ಊರು ಅಂತ ಗೊತ್ತಿರುವವರು ಎಷ್ಟು ಮಂದಿ? ಆ ಹೆಣ್ಣುಮಗಳೇ ಚಾಂದ್ ಬೀಬಿ. ಅಹ್ಮದ್‌ನಗರದ ಮಗಳು, ಬಿಜಾಪುರದ ಸೊಸೆ. ಎರಡೂ ಮನೆಗಳ ಕೋಟೆಯನ್ನು ಕಾದಾಕೆ.

ಶಾಲೆಯ ಪುಸ್ತಕದಲ್ಲಿ ಆಕೆಗೆ ಸಿಗುವುದು ಎರಡು ಮೂರು ಸಾಲು. ಅಕ್ಬರನ ಸೈನ್ಯದ ಎದುರು ಕತ್ತಿ ಹಿಡಿದು ನಿಂತಳು, ಕೊನೆಗೆ ತನ್ನವರೇ ಕೊಂದರು, ಅಷ್ಟೇ. ಆದರೆ ಆಕೆಯ ಬದುಕಿನಲ್ಲಿ ಕತ್ತಿಗಿಂತ ದೊಡ್ಡ ವಿಷಯ ಒಂದುಂಟು. ಪಕ್ಕದಲ್ಲಿ ತನಗಿಂತ ಹತ್ತು ಪಟ್ಟು ಬಲಶಾಲಿಯಾದ ರಾಜ್ಯ ಇರುವಾಗ ಒಂದು ಸಣ್ಣ ರಾಜ್ಯ ಹೇಗೆ ಬದುಕಬೇಕು? ಎಲ್ಲಿ ಹೋರಾಡಬೇಕು, ಎಲ್ಲಿ ಬಿಟ್ಟುಕೊಡಬೇಕು? ಈ ಲೆಕ್ಕ ಆಕೆಗೆ ಗೊತ್ತಿತ್ತು. ಆಕೆಯ ಸುತ್ತ ಇದ್ದ ಗಂಡಸರಿಗೆ ಗೊತ್ತಿರಲಿಲ್ಲ. ಕಥೆ ಇರುವುದು ಅಲ್ಲೇ.

ಒಂದು ಕೋಟೆ, ಎರಡು ಮದುವೆ

ಮೊದಲು ಜಾಗ ಯಾವುದು ಅಂತ ನೋಡೋಣ. ವಿಜಯಪುರದಿಂದ ಉತ್ತರಕ್ಕೆ ಹೊರಟರೆ ಭೀಮಾ ನದಿ ಸಿಗ್ತದೆ. ನದಿ ದಾಟಿದರೆ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ. ಆ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನಲ್ಲಿ ಮೈಂದರ್ಗಿ, ದುಧನಿಯಂಥ ಊರುಗಳುಂಟು. ಬೋರ್ಡು ಮರಾಠಿಯಲ್ಲಿದ್ದರೂ ಮನೆಯೊಳಗೆ, ಸಂತೆಯಲ್ಲಿ ಕನ್ನಡ. 1956ರಲ್ಲಿ ರಾಜ್ಯಗಳನ್ನು ವಿಂಗಡಿಸಿದಾಗ ಬಿಜಾಪುರ ಮೈಸೂರಿಗೆ ಬಂತು, ಸೊಲ್ಲಾಪುರ ಮುಂಬೈ ರಾಜ್ಯದಲ್ಲೇ ಉಳಿಯಿತು. ಅಲ್ಲಿನವರಿಗೆ ಗಡಿ ಗೆರೆ ಸರಿಯುವುದು ಹೊಸತೇನಲ್ಲ. ನಾನೂರು ಐನೂರು ವರ್ಷದ ಹಿಂದೆಯೂ ಈ ಸೀಮೆ ಇಂಥದ್ದೇ ಗಡಿ. ಆಗ ಗಡಿಯ ಈ ಕಡೆ ಬಿಜಾಪುರದ ಆದಿಲ್‌ಶಾಹಿ, ಆ ಕಡೆ ಅಹ್ಮದ್‌ನಗರದ ನಿಜಾಮ್‌ಶಾಹಿ. ನಡುವೆ ಸೊಲ್ಲಾಪುರದ ಕೋಟೆ.

ಎರಡೂ ಬಹಮನಿ ಸಾಮ್ರಾಜ್ಯ ಒಡೆದಾಗ ಹುಟ್ಟಿದ ರಾಜ್ಯಗಳು. ಒಂದೇ ಮನೆ ಪಾಲಾದಾಗ ನಡುವಿನ ಗೋಡೆಗೆ ಜಗಳ ಬರುವ ಹಾಗೆ ಸೊಲ್ಲಾಪುರಕ್ಕೆ ಜಗಳ ಬಂತು. 1524ರಲ್ಲಿ ಜಗಳ ಮುಗಿಸಲಿಕ್ಕೆ ಅಂತ ಒಂದು ಮದುವೆ ಮಾಡಿದರು. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ತಂಗಿ ಮರಿಯಮ್‌ಳನ್ನು ಅಹ್ಮದ್‌ನಗರದ ಬುರ್ಹಾನ್ ನಿಜಾಮ್ ಶಾಹನಿಗೆ ಕೊಟ್ಟರು. ವರದಕ್ಷಿಣೆಯಾಗಿ ಸೊಲ್ಲಾಪುರ ಕೊಡ್ತೇವೆ ಅಂತ ಮಾತಾಯಿತು. ಮದುವೆ ಆಯಿತು, ಕೋಟೆ ಮಾತ್ರ ಕೊಡಲಿಲ್ಲ. ಮುಂದಿನ ನಲವತ್ತು ವರ್ಷ ಎರಡೂ ರಾಜ್ಯಗಳು ಅದೇ ಕೋಟೆಗಾಗಿ ಮತ್ತೆ ಮತ್ತೆ ಯುದ್ಧ ಮಾಡಿದವು. ವರದಕ್ಷಿಣೆಯ ಮಾತು ಎರಡು ಮನೆಗಳನ್ನು ಸುಡುವುದು ನಾವು ನೋಡಿದ್ದೇವೆ. ಇದು ಎರಡು ರಾಜ್ಯಗಳನ್ನು ಸುಟ್ಟಿತು.

ಈ ಜಗಳದಲ್ಲಿ ಬಿಜಾಪುರ ಇನ್ನೊಂದು ಕೆಲಸವನ್ನೂ ಮಾಡಿತು. ಅಲಿ ಆದಿಲ್ ಶಾಹ ಪಟ್ಟಕ್ಕೆ ಬಂದ ಮೇಲೆ ಸೊಲ್ಲಾಪುರ ಬಿಡಿಸಿಕೊಳ್ಳಲಿಕ್ಕೆ ದಕ್ಷಿಣದ ಬಲಶಾಲಿ ನೆರೆಯವನಾದ ವಿಜಯನಗರದ ರಾಮರಾಯನ ಸಹಾಯ ಕೇಳಿದ. ಸೈನ್ಯ ಬಂತು, ಅಹ್ಮದ್‌ನಗರದ ಸೀಮೆ ಹಾಳಾಯಿತು. ಆದರೆ ಕರೆಸಿಕೊಂಡ ಬಲಶಾಲಿ ಸುಮ್ಮನೆ ಹಿಂದೆ ಹೋಗುವುದಿಲ್ಲ. ಸಹಾಯದ ಬೆಲೆ ಏರುತ್ತಾ ಹೋಗಿ, ಕೊನೆಗೆ ಸುಲ್ತಾನರೆಲ್ಲ ಒಂದಾಗುವ ಸ್ಥಿತಿ ಬಂತು.

ಒಂದಾಗಬೇಕಾದರೆ ಮತ್ತೆ ಮದುವೆ. ಈ ಸಲ ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹ ತನ್ನ ಮಗಳನ್ನು ಅಲಿ ಆದಿಲ್ ಶಾಹನಿಗೆ ಕೊಟ್ಟ. ಜೊತೆಗೆ ಸೊಲ್ಲಾಪುರವನ್ನೂ ಕೊಟ್ಟ. ಅಲಿಯ ತಂಗಿ ಹುಸೇನನ ಮಗ ಮುರ್ತಜಾನ ಮನೆಗೆ ಹೋದಳು. ಕೊಟ್ಟು ತಂದ ಸಂಬಂಧ. 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧ ನಡೆದು ವಿಜಯನಗರ ಸೋತಿತು. ಆ ಯುದ್ಧಕ್ಕೆ ಮೊದಲು ಕುದುರಿದ ಈ ಸಂಬಂಧದ ಮದುಮಗಳೇ ಚಾಂದ್ ಬೀಬಿ. ಸುಮಾರು 1550ರಲ್ಲಿ ಹುಟ್ಟಿದಾಕೆ, ಆಗಿನ್ನೂ ಚಿಕ್ಕ ಹುಡುಗಿ.

ಬಿಜಾಪುರದ ಸೊಸೆ

ಬಿಜಾಪುರದಲ್ಲಿ ಆಕೆ ಅಂತಃಪುರದಲ್ಲಿ ಕೂತು ದಿನ ಕಳೆಯಲಿಲ್ಲ. ಗಂಡನ ಜೊತೆ ಕುದುರೆ ಏರಿ ಹೋಗುತ್ತಿದ್ದಳು, ಬೇಟೆಗೂ ದಂಡಿಗೂ ಜೊತೆಯಾಗುತ್ತಿದ್ದಳು. ಅರಬಿ, ಪಾರ್ಸಿ, ತುರ್ಕಿ ಭಾಷೆಗಳ ಜೊತೆ ಮರಾಠಿಯೂ ಕನ್ನಡವೂ ಆಕೆಗೆ ಬರುತ್ತಿತ್ತು ಎಂದು ಹೇಳುತ್ತಾರೆ. ತವರಿನ ಜನರ ಭಾಷೆ ಮರಾಠಿ, ಗಂಡನ ಮನೆಯ ಜನರ ಭಾಷೆ ಕನ್ನಡ. ಆಳುವ ಮನೆಯಲ್ಲಿದ್ದರೂ ಸಂತೆಯ ಭಾಷೆ ಕಲಿತಾಕೆ. ಅಲಿ ಆದಿಲ್ ಶಾಹ 1579ರಲ್ಲಿ ಊರಿನ ಜನರಿಗಾಗಿ ಕಟ್ಟಿಸಿದ ದೊಡ್ಡ ಬಾವಿಗೆ ಆಕೆಯ ಹೆಸರನ್ನೇ ಇಟ್ಟರು. ಚಾಂದ್ ಬಾವಡಿ ಇವತ್ತಿಗೂ ವಿಜಯಪುರದಲ್ಲಿ ಉಂಟು. ತಾಜ್ ಬಾವಡಿ ನೋಡಿ ವಾಪಸ್ ಬರುವವರು ಇದನ್ನು ನೋಡುವುದಿಲ್ಲ.

ಆಕೆಯ ಕಾಲದಲ್ಲಿ ಬಿಜಾಪುರ, ಅಹ್ಮದ್‌ನಗರ ಎರಡಕ್ಕೂ ಇದ್ದ ಇನ್ನೊಂದು ಬಲಶಾಲಿ ನೆರೆ ಸಮುದ್ರದಲ್ಲಿತ್ತು. ಗೋವಾ ಪೋರ್ಚುಗೀಸರ ಕೈಯಲ್ಲಿ. ಯುದ್ಧಕ್ಕೆ ಬೇಕಾದ ಒಳ್ಳೆ ಕುದುರೆ ಬರುವುದು ಅರಬ್ ಮತ್ತು ಪರ್ಷಿಯಾ ಕಡೆಯಿಂದ, ಅದೂ ಹೆಚ್ಚಾಗಿ ಗೋವಾ ಬಂದರಿನ ಮೂಲಕ. ಸಮುದ್ರದಲ್ಲಿ ಹಡಗು ಓಡಿಸಬೇಕಾದರೆ ಪೋರ್ಚುಗೀಸರ ಪಾಸ್ ಬೇಕು. ಅದಕ್ಕೆ ಕರ್ತಾಜ್ ಅಂತ ಹೆಸರು. ಪಾಸ್ ಇಲ್ಲದ ಹಡಗನ್ನು ಅವರು ಹಿಡಿದು ಲೂಟಿ ಮಾಡುತ್ತಿದ್ದರು. ಕರಾವಳಿಯ ಮುಸ್ಲಿಂ ವ್ಯಾಪಾರಿಗಳ ಬೆನ್ನು ಮುರಿದದ್ದೇ ಈ ಪದ್ಧತಿ. 1568ರಲ್ಲಿ ಪೋರ್ಚುಗೀಸರು ಮಂಗಳೂರಿನಲ್ಲೂ ಕೋಟೆ ಕಟ್ಟಿದರು. ಉಳ್ಳಾಲದ ರಾಣಿ ಅಬ್ಬಕ್ಕ ಅವರನ್ನು ಎದುರಿಸಿದ್ದೂ ಇದೇ ಕಾಲದಲ್ಲಿ.

1570–71ರಲ್ಲಿ ಬಿಜಾಪುರ, ಅಹ್ಮದ್‌ನಗರ ಮತ್ತು ಕಲ್ಲಿಕೋಟೆಯ ಸಾಮೂದಿರಿ ಸೇರಿ ಪೋರ್ಚುಗೀಸರ ಮೇಲೆ ಬಿದ್ದರು. ಚಾಂದ್ ಬೀಬಿಯ ಗಂಡ ಗೋವಾಕ್ಕೆ ಮುತ್ತಿಗೆ ಹಾಕಿದ. ತಮ್ಮನೋ ಅಣ್ಣನೋ ಅನ್ನುವಷ್ಟು ಹತ್ತಿರದ ಪ್ರಾಯದ ಸಹೋದರ ಮುರ್ತಜಾ ಚೌಲ್ ಬಂದರಿಗೆ ಮುತ್ತಿಗೆ ಹಾಕಿದ. ಸಾಮೂದಿರಿ ಚಾಲಿಯಂ ಕೋಟೆಯನ್ನು ಗೆದ್ದ, ಆದರೆ ಎರಡು ಸುಲ್ತಾನರು ಗೆಲ್ಲಲಿಲ್ಲ. ತಿಂಗಳುಗಟ್ಟಲೆ ಖರ್ಚು ಮಾಡಿ ಕೊನೆಗೆ ಒಪ್ಪಂದ ಮಾಡಿ ವಾಪಸ್ ಬಂದರು. ಮತ್ತೆ ಅದೇ ಬಂದರು, ಅದೇ ಪಾಸ್. ಅಷ್ಟು ದೊಡ್ಡ ಅಕ್ಬರನ ಮನೆಯ ಹೆಂಗಸರು ಹಜ್ಜ್‌ಗೆ ಹೊರಟಾಗಲೂ ಪೋರ್ಚುಗೀಸರ ಪಾಸ್ ಪಡೆದೇ ಹೋಗಬೇಕಾಯಿತು ಅಂದ ಮೇಲೆ ಉಳಿದವರ ಕಥೆ ಕೇಳುವುದು ಬೇಡ.

ಸೋಲಿಸಲಿಕ್ಕೆ ಆಗದ ನೆರೆಯವನ ಜೊತೆ ವ್ಯಾಪಾರ ಮಾಡಿಕೊಂಡೇ ಬದುಕಬೇಕು, ಆದರೆ ಮನೆಯ ಬೀಗದ ಕೈ ಮಾತ್ರ ಅವನಿಗೆ ಕೊಡಬಾರದು. ಮುಂದೆ ಮೊಘಲರ ವಿಷಯದಲ್ಲಿ ಚಾಂದ್ ಬೀಬಿ ನಡೆದದ್ದೂ ಹೆಚ್ಚುಕಮ್ಮಿ ಇದೇ ದಾರಿಯಲ್ಲಿ.

ಬಾಲಕ ರಾಜ, ಒಬ್ಬಂಟಿ ರಾಣಿ

1580ರಲ್ಲಿ ಅಲಿ ಆದಿಲ್ ಶಾಹನ ಕೊಲೆ ಆಯಿತು. ಮಕ್ಕಳಿರಲಿಲ್ಲ. ಸಹೋದರನ ಮಗ ಇಬ್ರಾಹೀಂ ಪಟ್ಟಕ್ಕೆ ಬಂದ. ಪ್ರಾಯ ಒಂಬತ್ತು. ಚಾಂದ್ ಬೀಬಿ ಆ ಹುಡುಗನ ಪೋಷಕಿ. ಸಂಗೀತ, ಸಾಹಿತ್ಯಕ್ಕೆ ಹೆಸರಾಗಿ ಮುಂದೆ ಜಗದ್ಗುರು ಬಾದಶಾಹ ಅಂತ ಕರೆಸಿಕೊಂಡ ಎರಡನೇ ಇಬ್ರಾಹೀಂ ಆದಿಲ್ ಶಾಹ ಬೆಳೆದದ್ದು ಆಕೆಯ ಕಣ್ಣೆದುರು.

ರಾಜ ಹುಡುಗನಾದರೆ ಮಂತ್ರಿಗಳಿಗೆ ಹಬ್ಬ. ಕಾಮಿಲ್ ಖಾನ್ ಅಧಿಕಾರ ಹಿಡಿದ, ರಾಣಿಯನ್ನೇ ಲೆಕ್ಕಕ್ಕೆ ತಗೊಳ್ಳದೆ ಮೆರೆದ. ಚಾಂದ್ ಬೀಬಿ ಹಾಜಿ ಕಿಶ್ವರ್ ಖಾನನ ಸಹಾಯದಿಂದ ಅವನನ್ನು ಇಳಿಸಿದಳು. ಆಮೇಲೆ ಕಿಶ್ವರ್ ಖಾನನೂ ಅದೇ ಆದ. ಎದುರಾಳಿಯಾಗಬಹುದಾಗಿದ್ದ ಮುಸ್ತಫಾ ಖಾನನನ್ನು ಕೊಲ್ಲಿಸಿದ. ಪ್ರಶ್ನೆ ಕೇಳಿದ ಚಾಂದ್ ಬೀಬಿಯನ್ನು ಅವಮಾನ ಮಾಡಿ ಸತಾರಾ ಕೋಟೆಯಲ್ಲಿ ಕೂಡಿಹಾಕಿದ. ಆದರೆ ಬಿಜಾಪುರದ ಜನ ಸುಮ್ಮನಿರಲಿಲ್ಲ. ಬೀದಿಯಲ್ಲಿ ಅವನಿಗೆ ಶಾಪ ಹಾಕಿದರು, ಸೈನ್ಯದ ಹಬ್ಶಿ ಸರದಾರರು ತಿರುಗಿಬಿದ್ದರು. ಕಿಶ್ವರ್ ಖಾನ್ ಊರು ಬಿಟ್ಟು ಓಡಿದ. ಚಾಂದ್ ಬೀಬಿ ಬಿಡುಗಡೆಯಾಗಿ ಬಿಜಾಪುರಕ್ಕೆ ಮರಳಿದಳು.

ಹಬ್ಶಿಗಳು ಅಂದರೆ ಇಥಿಯೋಪಿಯಾ ಕಡೆಯಿಂದ ಬಂದವರು. ಹೆಚ್ಚಿನವರು ಗುಲಾಮರಾಗಿ ಬಂದು ಸರದಾರರಾಗಿ ಬೆಳೆದವರು. ಇವರು ಒಂದು ಬಣ. ಇಲ್ಲಿಯೇ ತಲೆಮಾರುಗಳಿಂದ ಇದ್ದ ದಖ್ಖನಿಗಳು ಇನ್ನೊಂದು ಬಣ. ಇರಾನ್, ಮಧ್ಯ ಏಷ್ಯಾದಿಂದ ಬಂದ ಆಫಾಕಿಗಳು ಮತ್ತೊಂದು. ಎಲ್ಲರೂ ಕಲಿಮಾ ಹೇಳುವವರೇ, ಆದರೆ ಒಬ್ಬರಿಗೊಬ್ಬರಿಗೆ ಆಗಿಬರುತ್ತಿರಲಿಲ್ಲ. ಶಿಯಾ–ಸುನ್ನಿ ಭೇದ ಅದರ ಮೇಲೆ. ದಖ್ಖನಿನ ರಾಜ್ಯಗಳನ್ನು ಒಳಗಿಂದ ತಿಂದ ಗೆದ್ದಲು ಇದು.

ಒಳಗೆ ಜಗಳ ಇದೆ ಅಂತ ಗೊತ್ತಾದ ಕೂಡಲೇ ಹೊರಗಿನವರು ಬಂದರು. ಬಂದವರು ದೂರದವರಲ್ಲ. ಆಕೆಯ ತವರಾದ ಅಹ್ಮದ್‌ನಗರದ ಸೈನ್ಯ, ಜೊತೆಗೆ ಗೋಲ್ಕೊಂಡದ ಸೈನ್ಯ. ಮೊದಲು ನಳದುರ್ಗಕ್ಕೆ ಮುತ್ತಿಗೆ ಹಾಕಿದರು. ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯಲ್ಲಿ ಬೋರಿ ನದಿಯ ದಡದಲ್ಲಿ ಇವತ್ತಿಗೂ ನಿಂತಿರುವ ಕೋಟೆ ಅದು. ಅಲ್ಲಿ ಆಗಲಿಲ್ಲ ಅಂತ ನೇರ ಬಿಜಾಪುರಕ್ಕೆ ಹೊರಟರು. ನಳದುರ್ಗದಿಂದ ಬಿಜಾಪುರಕ್ಕೆ ಅಂದರೆ ಅಕ್ಕಲಕೋಟೆ ಸೀಮೆಯನ್ನು ತುಳಿದು ಭೀಮಾ ದಾಟಿಯೇ ಹೋಗಬೇಕು. ಸಾವಿರಾರು ಕುದುರೆಗಳು ಹೊಲದ ಮೇಲೆ ಹಾದುಹೋದರೆ ಜೋಳದ ಬೆಳೆ ಏನಾಗ್ತದೆ ಅಂತ ಮೈಂದರ್ಗಿಯಂಥ ಊರಿನ ರೈತನನ್ನು ಕೇಳಬೇಕು. ರಾಜರ ಯುದ್ಧದ ಬಿಲ್ಲು ಬರುವುದು ಯಾವಾಗಲೂ ಗಡಿಯ ಊರಿಗೆ.

ಬಿಜಾಪುರದ ಕೋಟೆಯೊಳಗೆ ಸೈನ್ಯ ಕಡಿಮೆ, ಸರದಾರರಲ್ಲಿ ಒಗ್ಗಟ್ಟಿಲ್ಲ. ಮಳೆಗೆ ಕೋಟೆಗೋಡೆಯ ಒಂದು ಭಾಗವೇ ಕುಸಿಯಿತು. ಚಾಂದ್ ಬೀಬಿ ಮಳೆಯಲ್ಲೇ ನಿಂತು ಗೋಡೆ ಕಟ್ಟಿಸಿದಳು, ಕಾವಲಿನವರ ಹತ್ತಿರ ಹೋಗಿ ಧೈರ್ಯ ಹೇಳಿದಳು. ಮುನಿಸಿಕೊಂಡಿದ್ದ ಸರದಾರರನ್ನು ಕರೆಸಿ ಒಟ್ಟು ಮಾಡಿದಳು. ತಿಂಗಳುಗಳು ಕಳೆದ ಮೇಲೆ ಮುತ್ತಿಗೆ ಹಾಕಿದವರೇ ಬೇಸತ್ತು ಹಿಂದೆ ಹೋದರು. ಗಂಡನ ಮನೆಯನ್ನು ತವರಿನ ಸೈನ್ಯದಿಂದ ಉಳಿಸಿಕೊಟ್ಟ ಹೆಣ್ಣು ಆಕೆ. ಆದರೆ ಅಧಿಕಾರ ಮತ್ತೆ ದಿಲಾವರ್ ಖಾನ್ ಎಂಬ ಮಂತ್ರಿಯ ಕೈಗೆ ಹೋಯಿತು. ಮುಂದೆ ಇಬ್ರಾಹೀಮನ ತಂಗಿಯನ್ನು ಅಹ್ಮದ್‌ನಗರದ ರಾಜಕುಮಾರನಿಗೆ ಮದುವೆ ಮಾಡಿಕೊಟ್ಟಾಗ ಚಾಂದ್ ಬೀಬಿ ಮದುಮಗಳ ಜೊತೆ ತವರಿಗೆ ಹೋದಳು.

ತವರಿನ ಬಾಗಿಲಲ್ಲಿ ಮೊಘಲರು

ತವರಿನಲ್ಲಿ ಪರಿಸ್ಥಿತಿ ಬಿಜಾಪುರಕ್ಕಿಂತ ಕಡೆ. ಸಹೋದರ ಮುರ್ತಜಾನಿಗೆ ಬುದ್ಧಿಭ್ರಮಣೆ. 1588ರಲ್ಲಿ ಅವನನ್ನು ಮಗನೇ ಕೊಂದ. ಮರುವರ್ಷ ಆ ಮಗನೂ ಕೊಲೆಯಾದ. ಮುಂದಿನ ಆರೇಳು ವರ್ಷದಲ್ಲಿ ಗಾದಿಗೆ ಒಬ್ಬರ ಮೇಲೊಬ್ಬರು ಬಂದರು.

ಅವರಲ್ಲಿ ಎರಡನೇ ಬುರ್ಹಾನ್ ನಿಜಾಮ್ ಶಾಹ ಮೊದಲು ಅಕ್ಬರನ ಆಸ್ಥಾನದಲ್ಲಿ ಆಶ್ರಯ ಪಡೆದಿದ್ದವ. ಗಾದಿ ಸಿಕ್ಕಿದ ಮೇಲೆ ಅಕ್ಬರನಿಗೆ ತಲೆಬಾಗಲಿಲ್ಲ. ಅದು ತಪ್ಪಲ್ಲ, ಆದರೆ ತಯಾರಿ ಬೇಕಿತ್ತಲ್ಲ? ಅಕ್ಬರ್ ಆಗಲೇ ಗುಜರಾತ್ ಗೆದ್ದು ಸೂರತ್ ಬಂದರನ್ನು ತನ್ನದು ಮಾಡಿಕೊಂಡಿದ್ದ. ಸೂರತ್‌ನಿಂದ ಆಗ್ರಾಕ್ಕೆ ಸರಕು ಹೋಗುವ ಒಂದು ಮುಖ್ಯ ದಾರಿ ಖಾಂದೇಶದ ಬುರ್ಹಾನ್‌ಪುರದ ಮೂಲಕ. ಅದರ ಪಕ್ಕದಲ್ಲೇ ಹತ್ತಿ ಬೆಳೆಯುವ ಬೇರಾರ್, ಅದು ಅಹ್ಮದ್‌ನಗರದ ಕೈಯಲ್ಲಿ. ದೊಡ್ಡ ನೆರೆಯವನ ಕಣ್ಣು ಎಲ್ಲಿ ಬೀಳ್ತದೆ ಅಂತ ಯಾರಾದರೂ ಹೇಳಬಹುದಿತ್ತು. 1591ರಲ್ಲಿ ಅಕ್ಬರ್ ದಖ್ಖನಿನ ನಾಲ್ಕು ರಾಜ್ಯಗಳಿಗೆ ರಾಯಭಾರಿಗಳನ್ನು ಕಳುಹಿಸಿದ. ಖಾಂದೇಶ ಒಪ್ಪಿತು. ಉಳಿದವರು ಕಾಣಿಕೆ ಕೊಟ್ಟು ಕಳುಹಿಸಿದರು, ಅಧೀನರಾಗಲಿಲ್ಲ. ಅಷ್ಟರಲ್ಲಿ 1594ರಲ್ಲಿ ಬುರ್ಹಾನ್ ಚೌಲ್ ಹತ್ತಿರದ ಕೊರ್ಲಾಯಿಯಲ್ಲಿ ಪೋರ್ಚುಗೀಸರ ಕೈಯಲ್ಲಿ ದೊಡ್ಡ ಸೋಲು ತಿಂದ. ಉತ್ತರದಲ್ಲಿ ಮೊಘಲರು ಕಾಯುತ್ತಿರುವಾಗ ಪಶ್ಚಿಮದಲ್ಲಿ ಸೈನ್ಯ ಕಳೆದುಕೊಂಡದ್ದು.

1595ರಲ್ಲಿ ಬುರ್ಹಾನ್ ತೀರಿಕೊಂಡ. ಅವನ ಮಗ ಇಬ್ರಾಹೀಂ ನಿಜಾಮ್ ಶಾಹ ನಾಲ್ಕು ತಿಂಗಳಲ್ಲಿ ಬಿಜಾಪುರದ ಜೊತೆಗಿನ ಯುದ್ಧದಲ್ಲಿ ಸತ್ತ. ಉಳಿದದ್ದು ಅವನ ಹಾಲುಗಲ್ಲದ ಮಗು ಬಹಾದುರ್. ಮಿಯಾಂ ಮಂಜು ಎಂಬ ಸರದಾರ ರಾಜಮನೆತನಕ್ಕೇ ಸೇರದ ಒಬ್ಬ ಹುಡುಗನನ್ನು ತಂದು ಗಾದಿಯಲ್ಲಿ ಕೂರಿಸಿದ. ಹಬ್ಶಿ ಸರದಾರರು ಒಪ್ಪಲಿಲ್ಲ, ತಮ್ಮದೇ ಬೇರೆ ರಾಜರನ್ನು ಹುಡುಕಿದರು. ಒಂದು ಗಾದಿಗೆ ನಾಲ್ಕು ಬಣ, ನಾಲ್ಕು ರಾಜರು. ಚಾಂದ್ ಬೀಬಿ ನಿಂತದ್ದು ನ್ಯಾಯವಾದ ವಾರಸುದಾರನಾದ ಮಗುವಿನ ಪರ.

ಹಬ್ಶಿಗಳ ಕೈ ಮೇಲಾದಾಗ ಮಿಯಾಂ ಮಂಜು ಮಾಡಿದ ಕೆಲಸ ಇತಿಹಾಸದ ಅತಿ ದುಬಾರಿ ಪತ್ರಗಳಲ್ಲಿ ಒಂದು. ಗುಜರಾತಿನಲ್ಲಿದ್ದ ಅಕ್ಬರನ ಮಗ ಮುರಾದ್‌ಗೆ ಬರೆದು ಸಹಾಯಕ್ಕೆ ಕರೆದ. ಮೊಘಲರು ಇಂಥ ಒಂದು ಆಮಂತ್ರಣಕ್ಕೇ ಕಾಯುತ್ತಿದ್ದರು. ಅವರು ದಾರಿಯಲ್ಲಿರುವಾಗಲೇ ಮಂಜು ಒಳಜಗಳದಲ್ಲಿ ಗೆದ್ದುಬಿಟ್ಟ, ಇನ್ನು ಸಹಾಯ ಬೇಡ ಅನಿಸಿತು. ಆದರೆ ಕರೆದ ಮೇಲೆ ಬೇಡ ಅಂದರೆ ಯಾರು ಕೇಳ್ತಾರೆ? ಮಂಜು ಕೋಟೆ ಬಿಟ್ಟು ಬಿಜಾಪುರದ ಸಹಾಯ ಕೇಳಲಿಕ್ಕೆ ಹೋದ. ಅವನು ತಂದ ಬೆಂಕಿ ಆರಿಸಲಿಕ್ಕೆ ಉಳಿದವಳು ಚಾಂದ್ ಬೀಬಿ.

ಅಹ್ಮದ್‌ನಗರದ ಮುತ್ತಿಗೆ

1595ರ ಡಿಸೆಂಬರ್ ಕೊನೆಗೆ ಮೊಘಲ್ ಸೈನ್ಯ ಅಹ್ಮದ್‌ನಗರದ ಎದುರು ಬಂದು ನಿಂತಿತು. ಮುರಾದ್ ಜೊತೆ ಅಬ್ದುರ್ರಹೀಮ್ ಖಾನ್ ಎ ಖಾನಾನ್ ಇದ್ದ. ಹಿಂದಿಯಲ್ಲಿ ದೋಹೆ ಬರೆದ ರಹೀಮ್ ಅಂತ ಶಾಲೆಯಲ್ಲಿ ಓದ್ತೇವಲ್ಲ, ಅವನೇ. ಖಾಂದೇಶದ ರಾಜಾ ಅಲಿ ಖಾನನೂ ಮೊಘಲರ ಜೊತೆ ಬಂದಿದ್ದ. ಪೇಟೆಯ ಜನರಿಗೆ ಯಾರೂ ತೊಂದರೆ ಕೊಡುವುದಿಲ್ಲ ಅಂತ ಮುರಾದ್ ಅಭಯ ಕೊಟ್ಟ. ಮರುದಿನವೇ ಸೈನ್ಯದ ಒಂದು ಗುಂಪು ಪೇಟೆಯನ್ನು ಲೂಟಿ ಮಾಡಿತು. ಅಂಗಡಿಯವರು, ನೇಕಾರರು ಊರು ಬಿಟ್ಟರು. ಮೊಘಲರು ಸುಖ ತರಬಹುದು ಅಂತ ಯೋಚಿಸಿದವರಿಗೂ ಆವತ್ತು ಉತ್ತರ ಸಿಕ್ಕಿತು.

ಚಾಂದ್ ಬೀಬಿ ಬಹಾದುರ್‌ನನ್ನು ರಾಜ ಅಂತ ಘೋಷಿಸಿ ಕೋಟೆಯ ಕೆಲಸ ಕೈಗೆ ತಗೊಂಡಳು. ಜಗಳವಾಡುತ್ತಿದ್ದ ಹಬ್ಶಿ, ದಖ್ಖನಿ ಸರದಾರರಿಗೆಲ್ಲ ಸುದ್ದಿ ಕಳುಹಿಸಿದಳು. ಬಿಜಾಪುರಕ್ಕೆ, ಗೋಲ್ಕೊಂಡಕ್ಕೆ ಪತ್ರ ಬರೆದಳು. ಇವತ್ತು ಅಹ್ಮದ್‌ನಗರ ಹೋದರೆ ನಾಳೆ ನಿಮ್ಮ ಸರದಿ ಎಂಬುದು ಆಕೆಯ ವಾದ. ಆಕೆ ಬೆಳೆಸಿದ ಇಬ್ರಾಹೀಂ ಆದಿಲ್ ಶಾಹ ಈಗ ಯುವಕ. ಅವನು ಸುಹೈಲ್ ಖಾನ್ ಎಂಬ ಸೇನಾಪತಿಯನ್ನು ದೊಡ್ಡ ಸೈನ್ಯದ ಜೊತೆ ನಳದುರ್ಗಕ್ಕೆ ಕಳುಹಿಸಿದ. ಗೋಲ್ಕೊಂಡದ ಸೈನ್ಯವೂ ಅಲ್ಲಿಗೇ ಬಂತು. ಹದಿನೈದು ವರ್ಷದ ಹಿಂದೆ ಬಿಜಾಪುರವನ್ನು ನುಂಗಲಿಕ್ಕೆ ಮುತ್ತಿದ್ದ ಅದೇ ನಳದುರ್ಗ ಈಗ ಅಹ್ಮದ್‌ನಗರವನ್ನು ಉಳಿಸಲಿಕ್ಕೆ ಎಲ್ಲರೂ ಸೇರುವ ಜಾಗ ಆಯಿತು.

ಸಹಾಯ ಬರುವ ಮೊದಲೇ ಕೋಟೆ ಹಾರಿಸಬೇಕು ಅಂತ ಮೊಘಲರು ಗೋಡೆಯ ಅಡಿಯಲ್ಲಿ ಸುರಂಗ ತೋಡಿ ಮದ್ದು ತುಂಬಿದರು. ಮೊಘಲ್ ಪಾಳೆಯದ ಒಬ್ಬನೇ ರಾತ್ರಿ ಬಂದು ಸುರಂಗ ಎಲ್ಲೆಲ್ಲಿ ಉಂಟು ಅಂತ ತಿಳಿಸಿದ. ಒಳಗಿನವರು ಅಗೆದು ಎರಡು ಸುರಂಗದ ಮದ್ದು ತೆಗೆದರು. ಮೂರನೆಯದನ್ನು ಅಗೆಯುತ್ತಿರುವಾಗಲೇ ಮೊಘಲರು ಬೆಂಕಿ ಕೊಟ್ಟರು. ಅದು 1596ರ ಫೆಬ್ರವರಿ. ಸುಮಾರು ಐವತ್ತು ಗಜ ಗೋಡೆ ಹಾರಿಹೋಯಿತು. ಸೈನಿಕರು ಓಡಲಿಕ್ಕೆ ಶುರು ಮಾಡಿದರು.

ಚಾಂದ್ ಬೀಬಿಯನ್ನು ಇತಿಹಾಸ ನೆನಪಿಟ್ಟುಕೊಂಡದ್ದು ಆ ಗಳಿಗೆಗಾಗಿ. ಮುಖಕ್ಕೆ ನಖಾಬ್ ಹಾಕಿ, ಕವಚ ತೊಟ್ಟು, ಕೈಯಲ್ಲಿ ಬಿಚ್ಚುಗತ್ತಿ ಹಿಡಿದು ಬಿರುಕಿನ ಬಾಯಿಗೆ ಬಂದು ನಿಂತಳು. ಓಡುತ್ತಿದ್ದವರಿಗೆ ನಾಚಿಕೆಯಾಗಿ ತಿರುಗಿ ಬಂದರು. ಇನ್ನುಳಿದ ಸುರಂಗಗಳೂ ಸಿಡಿಯಲಿ ಅಂತ ಮೊಘಲರು ಕಾಯುತ್ತಾ ಕೂತ ಹೊತ್ತನ್ನು ಆಕೆ ಉಪಯೋಗಿಸಿಕೊಂಡಳು. ಮಧ್ಯಾಹ್ನದ ಮೇಲೆ ದಾಳಿ ಬಂದಾಗ ಕಂದಕ ಹೆಣಗಳಿಂದ ತುಂಬಿತು, ಆದರೆ ಯಾರೂ ಒಳಗೆ ಬರಲಾಗಲಿಲ್ಲ. ರಾತ್ರಿ ಇಡೀ ಆಕೆ ನಿಂತು ಗೋಡೆ ಎಬ್ಬಿಸಿದಳು. ಬೆಳಿಗ್ಗೆ ನೋಡಿದರೆ ಬಿರುಕು ಮುಚ್ಚಿತ್ತು. ಗುಂಡು ಮುಗಿದಾಗ ತಾಮ್ರ, ಬೆಳ್ಳಿ, ಬಂಗಾರದ ನಾಣ್ಯಗಳನ್ನೇ ತೋಪಿಗೆ ತುಂಬಿ ಹಾರಿಸಿದಳು ಎಂಬ ಕಥೆಯೂ ಜನರ ಬಾಯಲ್ಲಿ ಉಂಟು. ಚಾಂದ್ ಬೀಬಿ ಎಂಬ ಹೆಸರಿಗೆ ಸುಲ್ತಾನಾ ಎಂಬ ಬಿರುದು ಗಟ್ಟಿಯಾಗಿ ಅಂಟಿದ್ದು ಆವತ್ತು.

ಗೆದ್ದ ಮೇಲೆ ಬಿಟ್ಟುಕೊಟ್ಟದ್ದು

ಇನ್ನು ಬರುವುದು ಪುಸ್ತಕಗಳು ಬೇಗ ದಾಟಿ ಹೋಗುವ ಭಾಗ. ಗೋಡೆ ಉಳಿಯಿತು, ಆದರೆ ಕೋಟೆಯೊಳಗೆ ಧಾನ್ಯ ಮುಗಿಯುತ್ತಾ ಬಂದಿತ್ತು. ಹೊರಗೆ ಮೊಘಲರಿಗೂ ಮೇವು, ದವಸ ಸಾಲುತ್ತಿರಲಿಲ್ಲ. ಮುರಾದ್‌ಗೂ ಖಾನ್ ಎ ಖಾನಾನ್‌ಗೂ ಮಾತೇ ಸರಿಯಿರಲಿಲ್ಲ. ನಳದುರ್ಗದ ಸೈನ್ಯ ಹತ್ತಿರ ಬರುತ್ತಿತ್ತು. ಮೊಘಲರೇ ರಾಜಿಗೆ ಬಂದರು: ಬೇರಾರ್ ಕೊಟ್ಟರೆ ಮುತ್ತಿಗೆ ತೆಗೀತೇವೆ, ಬಹಾದುರ್‌ನನ್ನು ರಾಜ ಅಂತ ಒಪ್ತೇವೆ.

ಚಾಂದ್ ಬೀಬಿ ಮೊದಲು ಒಪ್ಪಲಿಲ್ಲ. ಆಮೇಲೆ ಲೆಕ್ಕ ಹಾಕಿ ಒಪ್ಪಿದಳು. ಬೇರಾರ್ ಅಹ್ಮದ್‌ನಗರದ ಮೂಲ ಸ್ವತ್ತು ಅಲ್ಲ. 1574ರಲ್ಲಿ ಮುರ್ತಜಾ ಬೇರೆಯವರಿಂದ ಗೆದ್ದುಕೊಂಡದ್ದು. ವರಮಾನ ಒಳ್ಳೆಯದಿತ್ತು, ಹೋದರೆ ನಷ್ಟ ದೊಡ್ಡದೇ. ಆದರೆ ಅದನ್ನು ಉಳಿಸಲಿಕ್ಕೆ ಹೋಗಿ ರಾಜಧಾನಿ ಹೋದರೆ ಅಂಗಡಿಯೇ ಹೋದ ಹಾಗೆ. ಸಾಲ ತೀರಿಸಲಿಕ್ಕೆ ಗೋದಾಮು ಮಾರಿ ಅಂಗಡಿ ಉಳಿಸಿಕೊಳ್ಳುವ ವ್ಯಾಪಾರಿಯನ್ನು ಯಾರೂ ಹೇಡಿ ಅನ್ನುವುದಿಲ್ಲ. ಅದೂ ಆಕೆ ಸೋತು ಕೊಟ್ಟದ್ದಲ್ಲ. ತನ್ನ ಕೈ ಮೇಲಿದ್ದಾಗ, ಒಳ್ಳೆ ಬೆಲೆ ಸಿಗುವಾಗ ಕೊಟ್ಟದ್ದು.

ಒಪ್ಪಂದದ ಬಲ ಇರುವುದು ಎರಡೂ ಕಡೆಯವರು ಪಾಲಿಸುವ ತನಕ. ಮೊಘಲ್ ಅಧಿಕಾರಿಗಳು ಬೇರಾರ್ ಜೊತೆ ಒಪ್ಪಂದದಲ್ಲಿ ಇಲ್ಲದ ಪಾಥ್ರಿಯನ್ನೂ ಹಿಡಿದರು. ಮತ್ತೆ ಯುದ್ಧ. 1597ರ ಆರಂಭದಲ್ಲಿ ಗೋದಾವರಿ ದಡದಲ್ಲಿ ಸುಹೈಲ್ ಖಾನನ ನಾಯಕತ್ವದಲ್ಲಿ ಮೂರು ರಾಜ್ಯಗಳ ಸೈನ್ಯ ಮೊಘಲರನ್ನು ಎದುರಿಸಿತು. ಖಾಂದೇಶದ ರಾಜಾ ಅಲಿ ಖಾನ್ ಮೊಘಲರ ಪರ ಹೋರಾಡಿ ಸತ್ತ. ಆದರೆ ಕೊನೆಗೆ ಗೆದ್ದದ್ದು ಖಾನ್ ಎ ಖಾನಾನ್.

ಅಹ್ಮದ್‌ನಗರದೊಳಗೆ ಹಳೆಯ ರೋಗ ಮತ್ತೆ ಕಾಣಿಸಿತು. ಚಾಂದ್ ಬೀಬಿ ನಂಬಿ ಪೇಶ್ವೆ ಮಾಡಿದ ಮುಹಮ್ಮದ್ ಖಾನ್ ಅವಳಿಗೇ ಎದುರು ನಿಂತು ಮೊಘಲರಿಗೆ ಪತ್ರ ಬರೆದ. ಅವನನ್ನು ಹಿಡಿದು ಇಳಿಸಬೇಕಾಯಿತು. ಆಮೇಲೆ ಬಂದ ಅಭಂಗ್ ಖಾನ್ ಹಬ್ಶಿಯೂ ರಾಜ ಮತ್ತು ರಾಣಿ ಇಬ್ಬರನ್ನೂ ತನ್ನ ಕೈವಶ ಮಾಡಿಕೊಳ್ಳಲಿಕ್ಕೆ ನೋಡಿದ. ಆಕೆ ಕೋಟೆಯ ಬಾಗಿಲು ಹಾಕಿಸಿದಳು. ಅವನು ಆಕೆಯ ಮಾತು ಕೇಳದೆ ಮೊಘಲರ ಕೈಯಲ್ಲಿದ್ದ ಬೀಡ್ ಮೇಲೆ ದಾಳಿ ಮಾಡಿ ಮಲಗಿದ್ದ ಹುಲಿಯನ್ನು ಕೆಣಕಿದ.

ಒಂದು ಗಾಳಿಸುದ್ದಿ

1599ರಲ್ಲಿ ಮುರಾದ್ ಸತ್ತ. ಈ ಸಲ ಅಕ್ಬರ್ ತಾನೇ ದಕ್ಷಿಣಕ್ಕೆ ಹೊರಟು ಬುರ್ಹಾನ್‌ಪುರಕ್ಕೆ ಬಂದ. ಇನ್ನೊಬ್ಬ ಮಗ ದಾನಿಯಾಲ್ ಮತ್ತು ಖಾನ್ ಎ ಖಾನಾನ್ 1600ರಲ್ಲಿ ಅಹ್ಮದ್‌ನಗರಕ್ಕೆ ಮುತ್ತಿಗೆ ಹಾಕಿದರು. ಅಭಂಗ್ ಖಾನ್ ಎದುರು ನಿಲ್ಲಲಿಲ್ಲ, ಜುನ್ನರ್ ಕಡೆ ಹೋದ. ಬಿಜಾಪುರದಿಂದ ಈ ಸಲ ಸೈನ್ಯ ಬರಲಿಲ್ಲ.

ಚಾಂದ್ ಬೀಬಿ ಮತ್ತೆ ಲೆಕ್ಕ ಹಾಕಿದಳು. ನಾಲ್ಕು ವರ್ಷದ ಹಿಂದೆ ಹೊರಗಿನ ಸಹಾಯ ಇತ್ತು, ವೈರಿಯಲ್ಲಿ ಒಡಕಿತ್ತು, ಒಳಗೆ ಒಂದಿಷ್ಟು ಒಗ್ಗಟ್ಟಿತ್ತು. ಈಗ ಮೂರೂ ಇಲ್ಲ. ಪ್ರಾಣ, ಮಾನ ಉಳಿಯುವ ಷರತ್ತಿನಲ್ಲಿ ಕೋಟೆ ಬಿಟ್ಟು, ಬಾಲಕ ರಾಜನನ್ನು ಕರಕೊಂಡು ಜುನ್ನರ್‌ಗೆ ಹೋಗಿ ಅಲ್ಲಿಂದ ಹೋರಾಟ ಮುಂದುವರಿಸುವುದು ಆಕೆಯ ಯೋಚನೆ. ಕೋಟೆ ಹೋದರೂ ರಾಜ್ಯ ಉಳಿಯಬೇಕು.

ಈ ಯೋಚನೆಯನ್ನು ಆಕೆ ಕೋಟೆಯ ಒಬ್ಬ ಅಧಿಕಾರಿಯ ಹತ್ತಿರ ಹೇಳಿದಳು. ಅವನು ಬೀದಿಗೆ ಓಡಿ ರಾಣಿ ಕೋಟೆಯನ್ನು ಮೊಘಲರಿಗೆ ಮಾರಿದ್ದಾಳೆ ಅಂತ ಕೂಗಿದ. ಯಾರೂ ನಿಂತು ಕೇಳಲಿಲ್ಲ. ಹೌದಾ ಅಲ್ಲವಾ ಅಂತ ಒಬ್ಬನೂ ವಿಚಾರಿಸಲಿಲ್ಲ. ಇದೇ ಹೆಂಗಸು ನಾಲ್ಕು ವರ್ಷದ ಹಿಂದೆ ಬಿರುಕಿನ ಬಾಯಲ್ಲಿ ನಿಂತದ್ದು ಯಾರಿಗೂ ನೆನಪಾಗಲಿಲ್ಲ. ಗುಂಪು ಆಕೆಯ ಕೋಣೆಗೆ ನುಗ್ಗಿ ಕೊಂದು ಹಾಕಿತು. ಆಕೆಗೆ ಆಗ ಸುಮಾರು ಐವತ್ತು ವರ್ಷ.

ಆಮೇಲೆ ಏನಾಯಿತು? ಗುಂಪು ಕೋಟೆಯನ್ನು ಉಳಿಸಿತಾ? ಇಲ್ಲ. 1600ರ ಆಗಸ್ಟ್‌ನಲ್ಲಿ ಮೊಘಲರು ಗೋಡೆ ಸಿಡಿಸಿ ಒಳಗೆ ಬಂದರು. ಈ ಸಲ ಬಿರುಕಿನಲ್ಲಿ ನಿಲ್ಲುವವರು ಇರಲಿಲ್ಲ. ಒಳಗಿದ್ದ ಸೈನಿಕರನ್ನು ಕಡಿದು ಹಾಕಿದರು. ಬಾಲಕ ಬಹಾದುರ್‌ನನ್ನು ಗ್ವಾಲಿಯರ್ ಕೋಟೆಯ ಸೆರೆಗೆ ಕಳುಹಿಸಿದರು. ಆಕೆ ಬದುಕಿದ್ದರೆ ಷರತ್ತಿನ ಮೇಲೆ ಸಿಗಬಹುದಾಗಿದ್ದ ಪ್ರಾಣಗಳು ಪುಕ್ಕಟೆಯಾಗಿ ಹೋದವು.

ಆಕೆಯ ಯೋಚನೆ ಸರಿ ಇತ್ತು ಅಂತ ಕಾಲವೇ ತೋರಿಸಿತು. ಕೋಟೆ ಬಿದ್ದ ಮೇಲೂ ಮಲಿಕ್ ಅಂಬರ್ ಎಂಬ ಹಬ್ಶಿ ಸರದಾರ ರಾಜಮನೆತನದ ಇನ್ನೊಬ್ಬನನ್ನು ಪರಾಂಡಾದಲ್ಲಿ ಗಾದಿಗೇರಿಸಿದ. ರಾಜಧಾನಿ ಬದಲಿಸುತ್ತಾ, ಮರಾಠಾ ಸವಾರರನ್ನು ಜೊತೆ ಸೇರಿಸಿಕೊಂಡು ಮೊಘಲರನ್ನು ಕಾಲು ಶತಮಾನ ತಡೆದ. ಕೋಟೆ ಬಿಟ್ಟು ರಾಜ್ಯ ಉಳಿಸುವುದು ಅಂದರೆ ಅದೇ. ಆದರೆ ಹಳೆಯ ಜಗಳ ಹಾಗೆಯೇ ಇತ್ತು. 1624ರಲ್ಲಿ ಅಂಬರ್ ಕೂಡ ಬಿಜಾಪುರದ ಮೇಲೆ ಬಿದ್ದು ಸೊಲ್ಲಾಪುರ ಹಿಡಿದ. 1636ರಲ್ಲಿ ಅಹ್ಮದ್‌ನಗರ ರಾಜ್ಯ ಪೂರ್ತಿ ಮುಗಿಯಿತು. 1668ರಲ್ಲಿ ಸೊಲ್ಲಾಪುರ ಮೊಘಲರ ಕೈ ಸೇರಿತು. 1686ರಲ್ಲಿ ಬಿಜಾಪುರವೂ ಬಿತ್ತು. ಇವತ್ತು ಅಹ್ಮದ್‌ನಗರ ಹೋದರೆ ನಾಳೆ ನಿಮ್ಮ ಸರದಿ ಅಂತ ಆಕೆ ಬರೆದದ್ದು ತೊಂಬತ್ತು ವರ್ಷದಲ್ಲಿ ಅಕ್ಷರಶಃ ನಡೆಯಿತು.

ಉಳಿದ ಮಾತು

ನಮ್ಮ ಗಲ್ಫ್ ಹುಡುಗರಿಗೆ ಈ ಕಥೆ ದೂರದ್ದು ಅನಿಸಲಿಕ್ಕಿಲ್ಲ. 2017ರ ಜೂನ್‌ನಲ್ಲಿ ಸೌದಿ ಮತ್ತು ಜೊತೆಗಾರ ದೇಶಗಳು ಸಂಬಂಧ ಕಡಿದುಕೊಂಡು ಏಕೈಕ ನೆಲದ ಗಡಿ ಮುಚ್ಚಿದಾಗ ಕತಾರಿನಲ್ಲಿದ್ದವರು ಅಂಗಡಿಯ ಕಪಾಟು ಖಾಲಿಯಾಗುವುದನ್ನು ಕಂಡಿದ್ದಾರೆ. ಆ ಸಣ್ಣ ದೇಶ ಕೂಡಲೇ ಒಮಾನ್ ಬಂದರುಗಳ ದಾರಿ ಹಿಡಿಯಿತು, ಮಾತುಕತೆಯ ಬಾಗಿಲನ್ನೂ ಮುಚ್ಚಲಿಲ್ಲ. 2021ರ ಜನವರಿಯಲ್ಲಿ ರಾಜಿಯಾಯಿತು. ಒಳಗೆ ಒಡಕಿಲ್ಲದಿದ್ದರೆ ಸಣ್ಣವರೂ ದೊಡ್ಡ ನೆರೆಯ ಪಕ್ಕದಲ್ಲಿ ಬದುಕಬಹುದು. ಚಾಂದ್ ಬೀಬಿಗೆ ಸಿಗದೇ ಹೋದದ್ದು ಅದೊಂದೇ.

ಆಕೆಗೆ ಒಂದು ಸರಿಯಾದ ಗುರುತಿನ ಗೋರಿ ಕೂಡ ನಮ್ಮ ನೆಲದಲ್ಲಿಲ್ಲ. ಅಹ್ಮದ್‌ನಗರದ (ಈಗ ಅಹಿಲ್ಯಾನಗರ) ಹತ್ತಿರ ಬೆಟ್ಟದ ಮೇಲೆ ಚಾಂದ್ ಬೀಬಿ ಮಹಲ್ ಅಂತ ಜನ ಕರೆಯುವ ಕಟ್ಟಡ ನಿಜವಾಗಿ ಸಲಾಬತ್ ಖಾನ್ ಎಂಬ ಮಂತ್ರಿಯ ಗೋರಿ. ಆಕೆಯ ದೇಹವನ್ನು ಇರಾನಿನ ಮಶ್‌ಹದ್‌ಗೆ ಕೊಂಡುಹೋದರು ಅಂತ ಹೇಳುತ್ತಾರೆ. ಆಕೆ ಕಾದ ಕೋಟೆ ಮಾತ್ರ ಹಾಗೇ ಉಂಟು. 1942ರಿಂದ ಬ್ರಿಟಿಷರು ನೆಹರೂ ಮತ್ತು ಮೌಲಾನಾ ಆಜಾದ್ ಅವರನ್ನು ಸೆರೆಯಿಟ್ಟದ್ದು ಅದೇ ಕೋಟೆಯಲ್ಲಿ.

ಮೊಬೈಲಿಗೆ ಒಂದು ಮೆಸೇಜು ಬಂದ ಕೂಡಲೇ ನಮ್ಮವರಲ್ಲೇ ಒಬ್ಬರನ್ನು ದ್ರೋಹಿ ಅಂತ ಕರೆಯುವ ಮೊದಲು 1600ರ ಆ ದಿನವನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಕೂಗಿದವನ ಹೆಸರು ಇವತ್ತು ಯಾರಿಗೂ ಬೇಡ. ಕೇಳಿದ ಕೂಡಲೇ ಓಡಿದವರು ಕೆಲವೇ ವಾರಗಳಲ್ಲಿ ಕೋಟೆ ಕಳೆದುಕೊಂಡರು. ಮುಂದಿನ ಸಲ ಸೊಲ್ಲಾಪುರಕ್ಕೆ ಚಾದರ, ಟವೆಲ್ ಖರೀದಿಗೆ ಹೋಗುವವರು ಅರ್ಧ ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಕೆರೆಯ ಪಕ್ಕದ ಕೋಟೆ ನೋಡಿ, ಆಗುವುದಾದರೆ ನಳದುರ್ಗಕ್ಕೂ ಹೋಗಿ. ಬರುವಾಗ ವಿಜಯಪುರದಲ್ಲಿ ಇಳಿದು ಚಾಂದ್ ಬಾವಡಿಯನ್ನು ಮಕ್ಕಳಿಗೆ ತೋರಿಸಿ, ಆ ಹೆಸರು ಯಾರದ್ದು ಅಂತ ಹೇಳಿ.